ನೆಲದಿಂದ ಒಂದು ಮೊಳ

ಬಸ್ ನಿಲ್ದಾಣದಲ್ಲಿ ನಾನು ಕೆಲಸಕ್ಕೆ ಹಾಜರಾದ ದಿನ ಮ್ಯಾನೇಜರ್ ಮುದಕವಿ ಸಾಹೇಬರು ಮೂರು ವಸ್ತು ಕೊಟ್ಟರು. ನೇಮಕಾತಿ ಪತ್ರ, ಮೈಕಿನ ಕೋಣೆಯ ಬೀಗದ ಕೈ, ಮತ್ತು ನಾಲ್ಕು ಮೊಳ ನೂಲಿನ ಹಗ್ಗ. ಹಗ್ಗಕ್ಕೆ ಬೇರೆಯಾಗಿ ಸಹಿ ಮಾಡಬೇಕಿತ್ತು.

"ಇದನ್ನ ಕುರ್ಚಿ ಕಾಲಿಗೆ ಕಟ್ಟಿಕೊಳ್ರಿ," ಎಂದರು. "ನೀವು ಡಾಕ್ಟರೇಟ್ ಮಾಡೀರಿ ಅಂತ ಅರ್ಜಿಯೊಳಗ ನೋಡೀನಿ. ನಮಗ ಬೇಕಾಗಿದ್ದು ಪಿಯುಸಿ. ನಡುವಿನ ಅಂತರ ಭಾಳ ಆತು. ತಲಿ ಛತ್ತಿಗೆ ಬಡೀತು ಅಂತ ನಾಳೆ ಬಂದ್ರ ಕಚೇರಿ ಜವಾಬ್ದಾರಿ ಅಲ್ಲ."

ನಮ್ಮ ಊರಿನಲ್ಲಿ ಮಾಡುವ ಕೆಲಸಕ್ಕಿಂತ ಹೆಚ್ಚು ಕಲಿತವರು ಕೆಲಸದ ಜಾಗದಲ್ಲಿ ನೆಲ ಬಿಡುತ್ತಾರೆ. ಸಂಜೆ ಹೊರಗೆ ಬಂದರೆ ಇಳಿಯುತ್ತಾರೆ. ಬಿ.ಎ. ಮಾಡಿ ಜವಾನನಾದವನು ನಾಲ್ಕು ಬೆರಳು ಮೇಲಿರುತ್ತಾನೆ, ಎಂ.ಎ. ಮಾಡಿ ಗುಮಾಸ್ತನಾದವನು ಒಂದು ಗೇಣು. ಈ ಕಾರಣಕ್ಕೆ ಇಲ್ಲಿನ ಕಚೇರಿಗಳಲ್ಲಿ ಫ್ಯಾನುಗಳನ್ನು ಗೋಡೆಗೆ ಹಾಕಿರುತ್ತಾರೆ. ಸ್ಟಾಂಪು ಮಾರುವ ಕೌಂಟರಿನಲ್ಲಿ ಒಬ್ಬ ಎಂಜಿನಿಯರ್ ಇದ್ದಾನೆ. ಅವನಿಗೆ ಲಕೋಟೆ ಕೊಡಲು ಒಂದು ಕವಲುಕೋಲು ಇಟ್ಟಿದ್ದಾರೆ. ಹೆಂಗಸರು ಸೀರೆಯ ಅಂಚಿಗೆ ಪಿನ್ನು ಹಾಕಿಕೊಂಡು, ಸೆರಗಿನ ತುದಿಗೆ ಒಂದು ಗುಂಡುಕಲ್ಲು ಕಟ್ಟಿಕೊಳ್ಳುತ್ತಾರೆ. ನಾನೂ ಕಟ್ಟಿಕೊಂಡೆ.

ಹೀಗೆ ಮೇಲಿರುವುದು ಕಷ್ಟವೇ ಹೊರತು ಅವಮಾನವಲ್ಲ. ಅವಮಾನ ನೆಲದ ಮೇಲಿರುವುದು. ನಮ್ಮ ಪಕ್ಕದ ಮನೆಯ ಶಿವಲೀಲಕ್ಕನ ಮಗ ಕಾಮರ್ಸ್ ಓದಿ ಬ್ಯಾಂಕಿನಲ್ಲಿ ಸರಿಯಾದ ಕೆಲಸಕ್ಕೇ ಸೇರಿದ್ದ. "ಏನ್ ಮಾಡೂದ್ರಿ, ಅಂವಾ ನೆಲದ ಮ್ಯಾಲೇ ಅದಾನ," ಎಂದು ಅವಳು ನಿಟ್ಟುಸಿರು ಬಿಡುತ್ತಿದ್ದಳು. ಹೆಣ್ಣು ಕೊಡುವವರು ಹುಡುಗನ ಎತ್ತರ ಕೇಳುತ್ತಾರೆ. ಎಂದರೆ ಅವನ ಮೈಯ ಎತ್ತರವನ್ನಲ್ಲ, ನೆಲದಿಂದ ಎಷ್ಟು ಮೇಲಿದ್ದಾನೆ ಎಂಬುದನ್ನು. ನನ್ನ ಮೊದಲ ವಾರ ಮುಗಿದ ದಿನ ಅವ್ವ ಓಣಿಯ ನಾಲ್ಕು ಮನೆಗೆ ಹೋಗಿ, "ನಮ್ಮ ಮಂದಾಕಿನಿ ಒಂದು ಗೇಣಿನ ಮ್ಯಾಲೆ ನಾಲ್ಕು ಬೆರಳು," ಎಂದು ಹೇಳಿ ಬಂದಳು. ಸಕ್ಕರೆಯನ್ನೂ ಹಂಚಿದಳು.

ನಾನು ಕಲಿತದ್ದು ಮಾತಿನ ಶಾಸ್ತ್ರ. ಜನರ ಬಾಯಿಂದ ಸ್ವರ ಎಷ್ಟು ಉದ್ದವಾಗಿ ಹೊರಡುತ್ತದೆ, ತುಟಿ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು ಏಳು ವರ್ಷ ಅಳೆದು ನಾನೂರ ಹನ್ನೆರಡು ಪುಟದ ಪ್ರಬಂಧ ಬರೆದಿದ್ದೆ. ಆ ವಿಷಯ ಕಲಿಸುವ ಹುದ್ದೆ ಸೀಮೆಗೆಲ್ಲ ಒಂದೇ ಇತ್ತು. ಅದನ್ನು ಒಂಬತ್ತು ವರ್ಷದಿಂದ ತುಂಬಿರಲಿಲ್ಲ. ಆದ್ದರಿಂದ "ಸ್ಪಷ್ಟ ಉಚ್ಚಾರವುಳ್ಳವರು ಬೇಕು" ಎಂಬ ಬಸ್ ನಿಲ್ದಾಣದ ಪ್ರಕಟಣೆಗೆ ಅರ್ಜಿ ಹಾಕಿದೆ.

ಕೆಲಸ ಇಷ್ಟೇ. ಬಸ್ಸು ಬಂದು ಅಂಕಣದಲ್ಲಿ ನಿಂತದ್ದನ್ನು ಫಕೀರಪ್ಪನವರು ನೋಡಿ ಚೀಟಿ ಬರೆದು ಕೊಡುತ್ತಿದ್ದರು. ನಾನು ಅದನ್ನು ಮೈಕಿನಲ್ಲಿ ಓದಬೇಕು. ಫಕೀರಪ್ಪನವರು ಏಳನೆಯ ಇಯತ್ತೆ ಓದಿದವರು. ಇಪ್ಪತ್ತಾರು ವರ್ಷ ಅವರೇ ಮೈಕಿನಲ್ಲಿ ಹೇಳುತ್ತಿದ್ದರು. ತಂಬಾಕಿನಿಂದ ಗಂಟಲು ಒಡೆದ ಮೇಲೆ ಅವರನ್ನು ಚೀಟಿಗೆ ಹಾಕಿ ನನ್ನನ್ನು ತಂದಿದ್ದರು. ಅವರ ಚಪ್ಪಲಿ ಯಾವಾಗಲೂ ನೆಲಕ್ಕೆ ಅಂಟಿಕೊಂಡಿರುತ್ತಿದ್ದವು. ಏಳನೆಯ ಇಯತ್ತೆಗೆ ಅದೇ ಸರಿ ಎಂದುಕೊಂಡಿದ್ದೆ.

ಒಂದು ದಿನ ಮಾತ್ರ ಲೆಕ್ಕ ತಪ್ಪಿತು. ಜವಾನ ರಜೆಯ ಮೇಲಿದ್ದ. ಮುದಕವಿ ಸಾಹೇಬರು ಫಕೀರಪ್ಪನವರನ್ನು ಕರೆದು, "ಆರು ಮಂದಿ ಬಂದಾರ, ಚಾ ತೊಗೊಂಬಾ," ಎಂದರು. ಫಕೀರಪ್ಪನವರು ಕಿಟ್ಲಿ ಹಿಡಿದುಕೊಂಡು ಬಾಗಿಲ ತನಕ ನಡೆದರು. ಅಲ್ಲಿಂದ ಮುಂದೆ ನಡೆಯಲಿಲ್ಲ. ಒಂದು ಪೂರ್ತಿ ಗೇಣು ಮೇಲೆದ್ದು, ಕಿಟ್ಲಿ ಸಮೇತ ಚೌಕಟ್ಟಿಗೆ ಹಣೆ ತಾಗಿಸಿಕೊಂಡು ನಿಂತರು.

"ಇದೇನ್ರಿ?" ಎಂದೆ.

"ನಾ ಅನೌನ್ಸರ್ ಅದೀನ್ರಿ ಮೇಡಂ," ಎಂದರು. "ಚಾ ತರಾವ ಅಲ್ಲ."

ಏಳನೆಯ ಇಯತ್ತೆಯವನು ಒಂದು ಗೇಣು ಏರುವುದಕ್ಕೆ ಶಾಸ್ತ್ರದಲ್ಲಿ ಆಧಾರವಿರಲಿಲ್ಲ. ನಮ್ಮ ಎತ್ತರ ಅಳೆಯಲು ಮ್ಯಾನೇಜರರು ಇಟ್ಟುಕೊಂಡಿದ್ದ ಅಳತೆಗೋಲು ಸವೆದಿರಬೇಕು ಎಂದುಕೊಂಡು ನಾನು ಪುಸ್ತಕ ತೆರೆದೆ.

ಆ ಪುಸ್ತಕ ನನ್ನದೇ ಪ್ರಬಂಧ. ಎರಡು ಬಸ್ಸುಗಳ ನಡುವೆ ಅದನ್ನು ಓದುತ್ತಿದ್ದೆ. ಮೊದಮೊದಲು ಹೊಸ ಪುಟ ಸೇರಿಸುವ ಉದ್ದೇಶವಿತ್ತು. ಆಮೇಲಾಮೇಲೆ ಓದುತ್ತಿದ್ದೇನೆ ಎಂದು ಕಿಟಕಿಗೆ ಬಂದವರಿಗೆ ಕಾಣಲಿ ಎಂಬುದಷ್ಟೇ ಉಳಿಯಿತು. ಬೆಳಿಗ್ಗೆ ಹತ್ತು ನಿಮಿಷ ತಡವಾಗಿ ಬರುತ್ತಿದ್ದೆ. ಪೇಪರಿನಲ್ಲಿ ಬೇರೆ ಊರುಗಳ ಹುದ್ದೆಗಳಿಗೆ ಗುರುತು ಹಾಕುತ್ತಿದ್ದೆ. ಕಿಟಕಿಯಲ್ಲಿ ಯಾರಾದರೂ ಎರಡನೇ ಸಲ ಕೇಳಿದರೆ ಮೊದಲ ಸಲದ ಉತ್ತರವನ್ನೇ ಇನ್ನೂ ಮೆಲ್ಲಗೆ ಹೇಳುತ್ತಿದ್ದೆ. ಆರು ತಿಂಗಳಲ್ಲಿ ನಾನು ಒಂದು ಮೊಳಕ್ಕೆ ಮುಟ್ಟಿದೆ. ಹಗ್ಗ ಕಟ್ಟಿಕೊಳ್ಳುವುದನ್ನೂ ಬಿಟ್ಟೆ. ನನ್ನಂಥವಳು ದನದ ಹಾಗೆ ಕಟ್ಟಿಸಿಕೊಳ್ಳುವುದೇ ಎನಿಸುತ್ತಿತ್ತು. ಮೈಕು ಮೇಜಿಗೆ ಬಿಗಿದಿತ್ತು. ನಾನು ಮೇಲಿನಿಂದ ಅದರ ಕಡೆಗೆ ಮಾತು ಉದುರಿಸುತ್ತಿದ್ದೆ.

ನಮ್ಮ ನಿಲ್ದಾಣದಿಂದ ಹತ್ತೂ ಹತ್ತಕ್ಕೆ ಎರಡು ಬಸ್ಸುಗಳು ಒಟ್ಟಿಗೆ ಹೊರಡುತ್ತವೆ. ಎರಡನೆಯ ಅಂಕಣದಿಂದ ಬಾಳೆಕೊಪ್ಪಕ್ಕೆ, ಏಳನೆಯ ಅಂಕಣದಿಂದ ಬಳೆಕೊಪ್ಪಕ್ಕೆ. ಒಂದು ಮೂಡಣಕ್ಕೆ, ಇನ್ನೊಂದು ಪಡುವಣಕ್ಕೆ. ಫಕೀರಪ್ಪನವರು ಬಾಳೆಕೊಪ್ಪದ ಚೀಟಿಯಲ್ಲಿ 'ಬಾ'ದ ಕೆಳಗೆ ಎರಡು ಗೆರೆ ಎಳೆದಿರುತ್ತಿದ್ದರು. ಅದು ಸಾಲದೆಂದು ದಿನಾ ಬಾಯಲ್ಲೂ ಹೇಳುತ್ತಿದ್ದರು.

"ಮೇಡಂ, ಬಾ ಉದ್ದ ಹೇಳ್ರಿ."

ಮಳೆಗಾಲ ಮುಗಿದು ಬಿಸಿಲು ಬಿದ್ದಿದ್ದ ಒಂದು ಸೋಮವಾರ ಕಿಟಕಿಗೆ ಒಬ್ಬ ಮುದುಕಿ ಬಂದಳು. ಎಪ್ಪತ್ತರ ಆಸುಪಾಸು. ಕೈಯಲ್ಲಿ ಬಟ್ಟೆಯ ಗಂಟು, ಅದರೊಳಗೆ ರೊಟ್ಟಿಯ ವಾಸನೆ.

"ಯವ್ವಾ, ಬಳಿಕೊಪ್ಪದ ಗಾಡಿ ಯಾವುದು? ನನಗ ಓದಾಕ ಬರೂದಿಲ್ಲ."

"ಮೈಕಿನ್ಯಾಗ ಹೇಳ್ತೀನಿ, ಕೇಳಿಸ್ಕೊಳ್ರಿ," ಎಂದೆ. ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ.

"ನನ್ನ ತಂಗೀಗೆ ಆರಾಮಿಲ್ಲ. ಹನ್ನೊಂದು ವರ್ಷ ಆತು ನಾವು ಮಾತಾಡಿ. ಇವತ್ತ ಆಕಿ ತಾನಾಗೇ ಕರಿಯಾಕ ಕಳಿಸ್ಯಾಳ."

"ಹೇಳ್ತೀನಿ ಅಂದೆನಲ್ರಿ."

ಅವಳು ಹೋಗಿ ಎದುರಿನ ಕಲ್ಲುಬೆಂಚಿನ ತುದಿಯಲ್ಲಿ, ಧ್ವನಿವರ್ಧಕದ ನೇರ ಕೆಳಗೆ ಕೂತಳು. ಫಕೀರಪ್ಪನವರು ಎರಡು ಚೀಟಿ ತಂದು ಮೇಜಿನ ಮೇಲಿಟ್ಟರು.

"ಬಾ ಉದ್ದ ಹೇಳ್ರಿ ಮೇಡಂ."

ಆ ದಿನ ನನಗೆ ತಡೆಯಲಾಗಲಿಲ್ಲ. "ಫಕೀರಪ್ಪ, ಬಾ ಎಷ್ಟು ಉದ್ದ ಅನ್ನೂದರ ಮ್ಯಾಲೆ ನಾ ನಾನೂರಾ ಹನ್ನೆರಡು ಪುಟ ಬರ್ದೀನಿ," ಎಂದೆ.

"ಬರ್ದಿದ್ದು ಛಲೋ ಆತ್ರಿ," ಎಂದರು. "ಹೇಳೂ ಮುಂದನೂ ಉದ್ದ ಹೇಳ್ರಿ."

ನಾನು ಚೀಟಿಯನ್ನು ಮುಟ್ಟದೆ, ಇದ್ದ ಎತ್ತರದಿಂದಲೇ ಹೇಳಿದೆ. ಬೇಕೆಂದೇ ಬೇಗ ಹೇಳಿದೆ. ಉದ್ದ ಹೇಳಿದ್ದರೆ ಅವರ ಮಾತು ಕೇಳಿದಂತಾಗುತ್ತಿತ್ತು. ಎರಡನೆಯ ಅಂಕಣದ ಬಸ್ಸಿನ ಹೆಸರು ಹೊರಗೆ ಬಂದಾಗ ಅದರ 'ಬಾ' ಒಂದು ಮಾತ್ರೆಯಷ್ಟೂ ಇರಲಿಲ್ಲ, ನನಗೇ ಕೇಳಿಸಿತು. ಬೆಂಚಿನ ಮೇಲಿದ್ದ ಮುದುಕಿ ಗಂಟು ಎತ್ತಿಕೊಂಡು ಎರಡನೆಯ ಅಂಕಣದ ಕಡೆಗೆ ಅವಸರದಿಂದ ಹೋದದ್ದನ್ನು ನಾನು ನೋಡಲಿಲ್ಲ. ಫಕೀರಪ್ಪನವರು ಆಗ ಏಳನೆಯ ಅಂಕಣದಲ್ಲಿದ್ದರು. ಗಾಡಿ ತುಂಬ ಗದ್ದಲವಿತ್ತು. ಅವಳು ಹೇಳಿದ ಊರನ್ನು ಕಂಡಕ್ಟರ್ ತನ್ನ ಬಸ್ಸು ಹೋಗುವ ಊರೆಂದೇ ಕೇಳಿಸಿಕೊಂಡು ಟಿಕೆಟು ಹರಿದ.

ಸಂಜೆ ನಾಲ್ಕಕ್ಕೆ ಅವಳು ಮತ್ತೆ ಕಿಟಕಿಗೆ ಬಂದಳು. ಗಂಟು ಹಾಗೇ ಇತ್ತು.

"ನಾ ಕಿವುಡಿ ಆಗೀನಿ ನೋಡವ್ವಾ," ಎಂದಳು. "ಬಳಿಕೊಪ್ಪ ಅಂತ ತಿಳಕೊಂಡು ಬಾಳಿಕೊಪ್ಪಕ್ಕ ಹೋಗಿ ಇಳಿದೆ. ಹೊಳ್ಳಿ ಬರಾಕ ಎರಡೂವರಿ ತನಕ ಗಾಡಿ ಇರಲಿಲ್ಲ. ಈಗೇನರ ಐತೇನು?"

ಏನಾಗಿದೆಯೆಂದು ನನಗೆ ತಕ್ಷಣ ತಿಳಿಯಿತು. "ನಾಲ್ಕೂವರಿಗೆ ಐತಿ," ಎಂದೆ. "ಏಳನೇದು."

ನಾಚಿಕೆಯಾದರೆ ಮನುಷ್ಯ ಇಳಿಯುತ್ತಾನೆಂದು ಯಾರೂ ತಿಳಿಯಬಾರದು. ನಾನು ಇನ್ನೂ ಎರಡು ಬೆರಳು ಏರಿದೆ. ಏಳು ವರ್ಷ ಕಲಿತವಳನ್ನು ತಂದು ಮೈಕಿನ ಮುಂದೆ ಕೂರಿಸಿದರೆ ಹೀಗಾಗದೆ ಇನ್ನೇನಾಗುತ್ತದೆ, ತಪ್ಪು ಕೂರಿಸಿದವರದು ಎಂದು ಮನಸ್ಸು ಹೇಳಿತು. ಮನಸ್ಸು ಆ ಕೆಲಸವನ್ನು ಬಹಳ ಚುರುಕಾಗಿ ಮಾಡಿತು. ಫಕೀರಪ್ಪನವರು ನನ್ನ ಮುಖ ನೋಡಿದರು, ಚೀಟಿಯ ಎರಡು ಗೆರೆ ನೋಡಿದರು. ಹೊರಗೆ ಹೋಗಿ ಅವಳ ಗಂಟು ತೆಗೆದುಕೊಂಡು, ಏಳನೆಯ ಅಂಕಣದ ಬಸ್ಸಿನಲ್ಲಿ ಕೂರಿಸಿ, ಬಸ್ಸು ಹೊರಳುವ ತನಕ ಅಲ್ಲೇ ನಿಂತರು.

ಶುಕ್ರವಾರ ಬೆಳಿಗ್ಗೆ ಮೈಕಿನ ಕೋಣೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಹಿಂದೆ ಫಕೀರಪ್ಪನವರು.

"ಇವ್ರು ಗುರುಸಿದ್ದವ್ವ ಅಂತ," ಎಂದರು. "ನಿಮ್ಮ ಕಡೆ ಒಂದು ಕೇಳೂದೈತಂತ. ಮೇಡಂ ಮಂದಿ ಬಾಯಿ ನೋಡಿ ಮಾತಿನ ಅಳತಿ ಹೇಳ್ತಾರ, ಅದರ ಮ್ಯಾಲೇ ದೊಡ್ಡ ಪುಸ್ತಕ ಬರದಾರ ಅಂತ ನಾನ ಹೇಳೀನಿ."

ನಾನು ಆ ಕೋಣೆಗೆ ಬಂದು ಆರು ತಿಂಗಳಾಗಿತ್ತು. ನಾನು ಕಲಿತದ್ದನ್ನು ಯಾರಾದರೂ ಕೇಳಿಕೊಂಡು ಬಂದದ್ದು ಅದೇ ಮೊದಲು.

ಗುರುಸಿದ್ದವ್ವ ಹೇಳಿದಳು. ಅವಳ ತಂಗಿ ನೀಲವ್ವ ಸೋಮವಾರ ಮಧ್ಯಾಹ್ನದ ತನಕ ಮಾತಾಡುತ್ತಿದ್ದಳು. ಒಳಗೆ ಬಂದವರನ್ನೆಲ್ಲ "ಅಕ್ಕ ಬಂದ್ಲೇನು?" ಎಂದು ಕೇಳುತ್ತಿದ್ದಳು. ಮಧ್ಯಾಹ್ನ ಬಾಯಿ ನಿಂತಿತು. ಗುರುಸಿದ್ದವ್ವ ಹೊಸ್ತಿಲು ದಾಟಿದ್ದು ದೀಪ ಹಚ್ಚುವ ಹೊತ್ತಿಗೆ.

"ನನ್ನ ಕಂಡು ಬಾಯಿ ತೆಗದ್ಲು. ಧ್ವನಿ ಬರಲಿಲ್ಲವ್ವಾ. ತುಟಿ ಅಷ್ಟ ಆಡಿದ್ವು. ಎರಡು ಸಲ ಹೇಳಿದ್ಲು, ಒಂದ ಮಾತು. ಮಂಗಳವಾರ ಹೋಗಿಬಿಟ್ಲು."

"ಏನು ಹೇಳಿದ್ರು ಅನಿಸ್ತು ನಿಮಗ?"

"ಅದನ್ನ ಕೇಳಾಕ ಬಂದೀನಿ. ಬಂದಿ ಅಂದ್ಲೋ, ಬಾಂಡೆ ಅಂದ್ಲೋ?"

ಅವರ ತಾಯಿ ಸತ್ತಾಗ ಮನೆಯಲ್ಲಿದ್ದ ತಾಮ್ರದ ಬಾಂಡೆ ಸಾಮಾನನ್ನೆಲ್ಲ ಗುರುಸಿದ್ದವ್ವ ತನ್ನ ಮನೆಗೆ ಒಯ್ದಿದ್ದಳು. ಒಂದು ಹಂಡೆ, ಎರಡು ಕೊಡ, ಒಂದು ತಪ್ಪೇಲಿ, ಐದು ತಂಬಿಗೆ. ಹನ್ನೊಂದು ವರ್ಷದ ಮೌನ ಅದಕ್ಕೇ.

"ಬಂದಿ ಅಂದಿದ್ರ, ನಾ ಹೋಗಿದ್ದಕ್ಕ ಆಕಿ ಜೀವ ತಣ್ಣಗ ಆತು ಅಂತ," ಎಂದಳು. "ಬಾಂಡೆ ಅಂದಿದ್ರ, ಸಾಯೂ ಮುಂದನೂ ಆಕಿ ಹೊಟ್ಟ್ಯಾಗ ಅದ ಇತ್ತು ಅಂತ. ಮೂರು ರಾತ್ರಿ ಆತು ನಿದ್ದಿ ಇಲ್ಲ. ನೀ ಕಲ್ತಾಕಿ ಅದೀ. ಹೇಳು. ಆಕಿ ತುಟಿ ಹೆಂಗ ಆಡಿದ್ವು ಅಂತ ನಾ ಮಾಡಿ ತೋರಿಸ್ತೀನಿ."

ಎರಡೂ ಮಾತಿಗೆ ಮೊದಲು ತುಟಿ ಮುಚ್ಚಬೇಕು. ಆಮೇಲೆ ತೆರೆಯಬೇಕು. ಉಳಿದದ್ದೆಲ್ಲ ಬಾಯೊಳಗೆ ನಾಲಿಗೆಯ ಕೆಲಸ, ತೆರೆದದ್ದು ಎಷ್ಟು ಹೊತ್ತು ಎಂಬುದೊಂದೇ ಹೊರಗೆ ಕಾಣುವ ವ್ಯತ್ಯಾಸ. ಅದನ್ನು ಕಣ್ಣಿನಲ್ಲಿ ಅಳೆಯಬಲ್ಲವರು ಸುತ್ತ ನೂರು ಹರಿದಾರಿಯಲ್ಲಿ ನಾನೊಬ್ಬಳೇ ಇದ್ದೆ. ಇದು ಜಂಬವಲ್ಲ, ಪ್ರಬಂಧದ ಕೊನೆಯಲ್ಲಿ ಹಾಗೆಂದು ಪರೀಕ್ಷಕರು ಬರೆದಿದ್ದಾರೆ.

ಆದರೆ ಮೇಲಿನಿಂದ ನೋಡಿದರೆ ಬಾಯಿ ಕಾಣುವುದಿಲ್ಲ, ಮೂಗು ಕಾಣುತ್ತದೆ. ನಾನು ಅವಳ ಜೊತೆ ಹೊರಗೆ ಬೆಂಚಿಗೆ ಹೋಗಿ ಎದುರುಬದುರು ಕೂತೆ. ಯಾವಾಗ ಇಳಿದೆ, ಬಾಗಿಲು ಹೇಗೆ ದಾಟಿದೆ ಎಂಬುದು ನೆನಪಿಲ್ಲ. ಒಳಗೆ ಫಕೀರಪ್ಪನವರು ಒಡೆದ ಗಂಟಲಿನಲ್ಲಿ ಬಸ್ಸುಗಳ ಹೆಸರು ಹೇಳತೊಡಗಿದ್ದರು.

ಗುರುಸಿದ್ದವ್ವ ಸೆರಗಿನಿಂದ ತುಟಿ ಒರೆಸಿಕೊಂಡು, ಮಲಗಿದವರ ಹಾಗೆ ತಲೆಯನ್ನು ಒಂದು ಕಡೆಗೆ ಹಾಕಿ, ಸದ್ದಿಲ್ಲದೆ ಮಾಡಿ ತೋರಿಸಿದಳು. ಸ್ವರ ಗಿಡ್ಡವಿತ್ತು. ಇನ್ನೊಮ್ಮೆ ಎಂದೆ. ಉದ್ದವಿತ್ತು. ಮೂರನೆಯದು ಎರಡರ ನಡುವೆ. ಹದಿಮೂರು ಸಲ ಮಾಡಿಸಿದೆ. ಬೆಂಚಿನ ಸುತ್ತ ನಾಲ್ಕು ಜನ ನಿಂತು ನೋಡಿದರು, ಬಸ್ಸು ಬಂತೆಂದು ಹೋದರು. ಹದಿಮೂರರಲ್ಲಿ ಆರು ಒಂದು ಕಡೆ, ಐದು ಇನ್ನೊಂದು ಕಡೆ, ಎರಡು ಎಲ್ಲಿಗೂ ಸೇರದವು. ನಾನು ಅಳೆಯುತ್ತಿದ್ದದ್ದು ನೀಲವ್ವನ ತುಟಿಯನ್ನಲ್ಲ. ಮೂರು ರಾತ್ರಿ ಎರಡೂ ಮಾತನ್ನು ತನಗೆ ತಾನೇ ಹೇಳಿಕೊಂಡು, ಈ ಬಾಯಿಗೆ ಆ ಬಾಯಿಯ ಅಳತೆ ಮರೆತುಹೋಗಿತ್ತು.

'ಬಂದಿ' ಎಂದು ಹೇಳಿಬಿಡಬಹುದಿತ್ತು. ಹೇಳಲೆಂದು ಬಾಯಿಯನ್ನೂ ತೆಗೆದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.

"ಗೊತ್ತಾಗವಲ್ದು ಅಜ್ಜೀ," ಎಂದೆ.

"ಇಷ್ಟು ಕಲ್ತೂ?"

"ಇಷ್ಟು ಕಲ್ತೂ."

ಅವಳು ಎರಡೂ ಕಿವಿಗೆ ಕೈ ಒತ್ತಿಕೊಂಡಳು. "ಮುಂಜಾನಿ ಗಾಡಿಗೆ ಹೋಗಿದ್ರ ಆಕಿ ಬಾಯಿಲೇ ಕೇಳ್ತಿದ್ನಿ. ಈ ಹಾಳಾದ ಕಿವಿ. ಇವಕ್ಕ ಬೆಂಕಿ ಹಾಕ್ಲಿ."

ಅವಳು ಅದನ್ನು ಇನ್ನೊಮ್ಮೆ ಹೇಳಿದಳು. ಎರಡನೆಯ ಸಲವೂ ಕೇಳಿಕೊಂಡು ಕೂರುವುದು ನನ್ನಿಂದ ಆಗಲಿಲ್ಲ.

"ಕಿವೀದು ತಪ್ಪಲ್ಲ ಅಜ್ಜೀ. ನಿಮಗ ಸರಿಯಾಗೇ ಕೇಳಿಸಿತ್ತು. ನಾನ ಬಾಳೆಕೊಪ್ಪಕ್ಕ ಬಳೆಕೊಪ್ಪ ಅಂದಿದ್ದೆ."

ಅವಳು ಕಿವಿಯಿಂದ ಕೈ ತೆಗೆದಳು. "ಬಾಯಿ ತಪ್ಪಿ ಬಂತೇನು?"

'ಹೌದು' ಎಂದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ಲ. ಬೇಕಂತ ಲಗೂನ ಹೇಳ್ದೆ. ಇದು ಭಾಳ ಸಣ್ಣ ಕೆಲಸ, ನನ್ನಂಥಾಕಿ ಮಾಡೂದಲ್ಲ ಅನಿಸಿತ್ತು."

ಬೈಯುತ್ತಾಳೆಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವಳು ನಿಜವಾಗಿಯೂ ತಿಳಿಯಬೇಕೆಂಬ ಹಾಗೆ ಕೇಳಿದಳು.

"ಸಣ್ಣ ಕೆಲಸ ಇದ್ರ, ಅದನ್ನ ಮಾಡಿ ಮುಗಸಾಕ ಎಷ್ಟೊತ್ತು ಬೇಕಿತ್ತವ್ವಾ?"

ಅರ್ಧ ನಿಮಿಷದ ಅರ್ಧವೂ ಬೇಕಿರಲಿಲ್ಲ. ಒಂದು ಮಾತ್ರೆ ಹೆಚ್ಚು, ಅಷ್ಟೇ. ಅವಳು ಮಂಡಿ ಹಿಡಿದುಕೊಂಡು ಎದ್ದು, ತನ್ನ ಊರಿನ ಬಸ್ಸು ನಿಲ್ಲುವ ಕಡೆಗೆ ಹೊರಟುಹೋದಳು. ಹಿಂದೆ ಹೋಗಲು ನನಗೆ ಧೈರ್ಯವಾಗಲಿಲ್ಲ. ಫಕೀರಪ್ಪನವರು ಹೋದರು.

ಮರುದಿನ ಬೆಳಿಗ್ಗೆ ಮುದಕವಿ ಸಾಹೇಬರು ಅಳತೆಗೋಲು ಹಿಡಿದು ಬಂದರು. ನನ್ನ ಚಪ್ಪಲಿಯ ಕೆಳಗೆ ಕೋಲು ತೂರಿಸಲು ನೋಡಿದರು, ಆಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಏನ್ರಿ ಇದು? ನಿಮ್ಮ ಡಿಗ್ರಿ ರದ್ದಾತೇನು?"

"ಇಲ್ರಿ ಸರ್, ಐತಿ."

"ಮತ್ತ ನೆಲದ ಮ್ಯಾಲೆ ಹೆಂಗ ಅದೀರಿ? ಮ್ಯಾಲಿನವರಿಗೆ ನಾ ಏನಂತ ಬರೀಲಿ?"

ಲಿಖಿತ ವಿವರಣೆ ಕೇಳಿದರು, ಕೊಟ್ಟೆ. ಅದು ಅವರಿಗೆ ಅರ್ಥವಾಗಲಿಲ್ಲ. "ಆರೋಗ್ಯದ ಕಾರಣ" ಎಂದು ತಿದ್ದಿ ಕಳಿಸಿದರು. ಹಗ್ಗ ವಾಪಸು ಪಡೆದು ರಸೀತಿ ಕೊಟ್ಟರು. ಸುದ್ದಿ ಓಣಿಗೆ ನನಗಿಂತ ಮೊದಲೇ ಮುಟ್ಟಿತ್ತು. ನನ್ನನ್ನು ನೋಡಲು ಬರಬೇಕಿದ್ದ ಒಂದೂವರೆ ಗೇಣಿನ ವರ ಬರಲಿಲ್ಲ. ಶಿವಲೀಲಕ್ಕ ಮಾತ್ರ ಅವ್ವನ ಪಕ್ಕ ಕೂತು, "ರೂಢಿ ಆಗ್ತದ ತಗೋರಿ," ಎಂದು ಸಮಾಧಾನ ಹೇಳಿದಳು. ಅವಳ ಧ್ವನಿಯಲ್ಲಿ ಅಷ್ಟು ಸಂತೋಷವನ್ನು ನಾನು ಹಿಂದೆ ಕೇಳಿರಲಿಲ್ಲ.

ಅಲ್ಲಿಂದ ಮುಂದೆ ನಾನು ನೆಲ ಬಿಡಲೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದೇ ವೇಳಾಪಟ್ಟಿಯನ್ನು ಮೂರು ಪ್ರತಿ ಕೈಯಲ್ಲಿ ಬರೆಯಲು ಸಾಹೇಬರು ಹೇಳಿದ ದಿನ ಮೂರು ಬೆರಳು ಏರಿದ್ದೆ. ಪ್ರತಿ ಬರೆದು ಮುಗಿಸಿಯೇ ಇಳಿದೆ. ಎರಡು ಕೊಪ್ಪಗಳ ಬಸ್ಸುಗಳಿಗೆ ಬೇರೆ ಬೇರೆ ಹೊತ್ತು ಇಡಿರೆಂದು ಅರ್ಜಿ ಕೊಟ್ಟೆ. ಅದು ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಇರಲೆಂದು, ಹತ್ತಕ್ಕೆ ಮೈಕಿನಲ್ಲಿ ಎರಡೂ ಹೆಸರನ್ನು ಸರಿಯಾದ ಅಳತೆಯಲ್ಲಿ ಹೇಳಿ, ಆಮೇಲೆ ಅಂಕಣಕ್ಕೆ ಇಳಿದು ಹತ್ತುವವರನ್ನು ಯಾವ ಊರಿಗೆಂದು ಒಬ್ಬೊಬ್ಬರಾಗಿ ಕೇಳತೊಡಗಿದೆ. ಹೆಚ್ಚಿನವರಿಗೆ ಸಿಟ್ಟು ಬರುತ್ತದೆ. "ದಿನಾ ಹೋಗಾವರನ್ನೂ ಕೇಳ್ತೀರಲ್ರಿ," ಎನ್ನುತ್ತಾರೆ. ಫಕೀರಪ್ಪನವರಿಗೂ ಇದು ಸೇರುವುದಿಲ್ಲ. ಅನೌನ್ಸರ್ ಆದವರು ಹೀಗೆ ಬಸ್ಸಿನ ಬಾಗಿಲಿಗೆ ನಿಲ್ಲಬಾರದು, ಹುದ್ದೆಯ ಮರ್ಯಾದೆ ಹೋಗುತ್ತದೆ ಎಂಬುದು ಅವರ ಅಭಿಪ್ರಾಯ.

ಎರಡು ತಿಂಗಳ ಮೇಲೆ ಗುರುಸಿದ್ದವ್ವ ಬಂದಳು. ಹೆಗಲ ಮೇಲೆ ಗೋಣಿಚೀಲ. ಹೆಜ್ಜೆ ಇಟ್ಟಾಗಲೆಲ್ಲ ಒಳಗೆ ತಾಮ್ರ ತಾಮ್ರಕ್ಕೆ ಬಡಿಯುತ್ತಿತ್ತು. ಹಂಡೆ ಅದರಲ್ಲಿ ಹಿಡಿಸಿರಲಾರದು, ಉಳಿದವು ಇದ್ದಿರಬೇಕು. ನೀಲವ್ವನ ಮಗಳ ಮನೆಗೆ ಎಂದು ಫಕೀರಪ್ಪನವರಿಗೆ ಹೇಳುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು. ತುಟಿಗಳು ಏನು ಹೇಳಿದವೆಂದು ಅವಳು ತೀರ್ಮಾನಿಸಿಕೊಂಡಳೋ, ತೀರ್ಮಾನವಾಗದ್ದಕ್ಕೇ ಒಯ್ಯುತ್ತಿದ್ದಳೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.

ನಾನು ಎರಡೂ ಬಸ್ಸಿನ ಹೆಸರು ಹೇಳಿ ಏಳನೆಯ ಅಂಕಣಕ್ಕೆ ಹೋದೆ. ಅವಳು ಮೆಟ್ಟಿಲ ಹತ್ತಿರ ನಿಂತಿದ್ದಳು.

"ಇದು ಬಳೆಕೊಪ್ಪದ ಬಸ್ಸು ಅಜ್ಜೀ. ಚೀಲ ಕೊಡ್ರಿ."

ಅವಳು ನನ್ನನ್ನು ಗುರುತಿಸಿದಳು. ಸ್ವಲ್ಪ ಯೋಚಿಸಿ ಚೀಲವನ್ನು ನನ್ನ ಕೈಗೆ ಕೊಟ್ಟಳು. ನಾನು ಎಣಿಸಿದ್ದಕ್ಕಿಂತ ಭಾರವಿತ್ತು. ಅದನ್ನು ನಾನು ಮೆಟ್ಟಿಲ ಮೇಲಿಡುವಷ್ಟರಲ್ಲಿ ಅವಳು ಬಸ್ಸಿನ ಮುಂದಕ್ಕೆ ನಡೆದು ಹೋಗಿ, ಕತ್ತು ಎತ್ತಿ ಡ್ರೈವರನನ್ನು ಕೇಳಿದಳು.

"ತಮ್ಮಾ, ಇದು ಬಳಿಕೊಪ್ಪಕ್ಕ ಹೋಗ್ತೈತೇನು?"

"ಹೂಂ ಬೇ, ಹತ್ತು," ಎಂದ ಅವನು.

ವಾಪಸು ಬಂದು, ಕಂಡಕ್ಟರನನ್ನೂ ಒಂದು ಮಾತು ಕೇಳಿ, ಆಮೇಲೆ ಹತ್ತಿದಳು.